ಹನ್ನೊಂದು ಲಕ್ಷ ಸಲ ಬಾಗಿದ ಕೇಬಲ್

ನಾನು ಒಂದು ಕೇಬಲ್ ತುಂಡು. ಉದ್ದ ಮೂರು ಅಡಿ, ದಪ್ಪ ಹೆಬ್ಬೆರಳಿನಷ್ಟು, ಬಣ್ಣ ಬೂದು. ನೋಡಿದವರು ‘ಇಷ್ಟೇನಾ’ ಅನ್ನುತ್ತಾರೆ. ಅನ್ನಲಿ ಬಿಡಿ. ನನ್ನ ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತಾದ ಮೇಲೆ ಅದೇ ಜನ ಕನ್ನಡಕ ಏರಿಸಿಕೊಂಡು ಮತ್ತೊಮ್ಮೆ ಬಗ್ಗಿ ನೋಡಿದ್ದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ.

ಹುಟ್ಟಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ, ಒಂದು ತಗಡಿನ ಶೆಡ್ಡಿನಲ್ಲಿ. ಕಾರ್ಖಾನೆಯ ಮಾಲಕರು ವಾಮನರಾವ್ ಶಿರಗುಪ್ಪಿ. ಆದರೆ ನನ್ನನ್ನು ಹೆತ್ತವಳು ಇರಾವತಿ ಹೂಗಾರ. ಹೆತ್ತ ತಾಯಿಯನ್ನು ‘ಅವರು, ಇವರು’ ಅನ್ನುವ ಅಭ್ಯಾಸ ನನಗಿಲ್ಲ, ಅವಳು ಅಂತಲೇ ಕರೆಯುತ್ತೇನೆ.

ಇರಾವತಿ ಆ ಕಾರ್ಖಾನೆಯಲ್ಲಿ ಕೇಬಲ್‌ಗಳನ್ನು ಪರೀಕ್ಷೆ ಮಾಡುವವಳು. ಅವಳ ಮುಂದೆ ಒಂದು ಯಂತ್ರ ಇತ್ತು. ಕೇಬಲ್ಲಿನ ಎರಡೂ ತುದಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿಸುವುದು, ಎಷ್ಟು ಸಲ ಬಾಗಿತು ಅಂತ ಎಣಿಸುವುದು, ಅಷ್ಟೇ ಅದರ ಕೆಲಸ. ಒಳಗಿನ ತಾಮ್ರ ಕಡಿದರೆ ದೀಪ ಆರುತ್ತಿತ್ತು, ಯಂತ್ರ ನಿಲ್ಲುತ್ತಿತ್ತು. ಅವಳಿಗಿಂತ ಮುಂಚೆ ಅಲ್ಲಿದ್ದವರು ಸತ್ತ ಕೇಬಲ್ಲನ್ನು ಗುಜರಿಯ ಡಬ್ಬಿಗೆ ಎಸೆದು ಕೈತೊಳೆದುಕೊಳ್ಳುತ್ತಿದ್ದರು. ಇವಳು ಹಾಗಲ್ಲ. ಬ್ಲೇಡು ತಗೊಂಡು ಉದ್ದಕ್ಕೆ ಸೀಳಿ, ಎಲ್ಲಿ ಕಡಿದಿದೆ ಅಂತ ಹುಡುಕಿ, ಹಾಳೆಯ ಮೇಲೆ ಚಿತ್ರ ಬರೆದಿಟ್ಟುಕೊಳ್ಳುತ್ತಿದ್ದಳು. ಎಂಟು ವರ್ಷದಲ್ಲಿ ಹೀಗೆ ನಾನೂರಕ್ಕೂ ಹೆಚ್ಚು ಕೇಬಲ್ ಸೀಳಿದ್ದಳು. ಉಳಿದವರು ಅವಳನ್ನು ಕೇಬಲ್ ಡಾಕ್ಟರಮ್ಮ ಅಂತ ಚಾಷ್ಟಿ ಮಾಡುತ್ತಿದ್ದರು, ಅವಳೂ ನಗುತ್ತಿದ್ದಳು.

ಆಗ ಧಾರವಾಡದ ಹತ್ತಿರದ ಒಂದು ಮಾತ್ರೆ ಕಾರ್ಖಾನೆಯಿಂದ ತಕರಾರು ಬಂತು. ಅಲ್ಲಿ ಔಷಧದ ಪುಡಿಯನ್ನು ಬೆರೆಸುವ ದೊಡ್ಡ ಡ್ರಮ್ ಇದೆ. ಒಂದು ಕಬ್ಬಿಣದ ತೋಳು ಅದನ್ನು ಮೇಲೆತ್ತುತ್ತದೆ, ತಿರುಗಿಸುತ್ತದೆ, ಕೆಳಗಿಳಿಸುತ್ತದೆ. ತೋಳಿನ ಜೊತೆ ನಮ್ಮ ಕಾರ್ಖಾನೆಯ ಕೇಬಲ್ಲೂ ಬಾಗಬೇಕು, ನೆಟ್ಟಗಾಗಬೇಕು. ಎರಡು ತಿಂಗಳಿಗೆ ಅದು ಕಡಿಯುತ್ತಿತ್ತು. ಡ್ರಮ್ ಅರ್ಧಕ್ಕೆ ನಿಂತರೆ ಪುಡಿ ಸರಿಯಾಗಿ ಬೆರೆತಿದೆಯೋ ಇಲ್ಲವೋ ಯಾರು ಹೇಳಬೇಕು? ಒಂದು ಮಾತ್ರೆಯಲ್ಲಿ ಔಷಧ ಹೆಚ್ಚು, ಇನ್ನೊಂದರಲ್ಲಿ ಬರೀ ಹಿಟ್ಟು ಆಗಬಹುದು. ಹಾಗಾಗಿ ಇಡೀ ಡ್ರಮ್ಮಿನ ಔಷಧವನ್ನೇ ಚೆಲ್ಲುತ್ತಿದ್ದರು. ಮುಂದಿನ ಸಲ ಪರದೇಶದ ಕೇಬಲ್ ತರಿಸುತ್ತೇವೆ ಅಂತ ಅವರು ಖಡಾಖಂಡಿತ ಹೇಳಿಬಿಟ್ಟರು.

ಇರಾವತಿ ತನ್ನ ಚಿತ್ರಗಳನ್ನೆಲ್ಲ ಹರವಿಕೊಂಡು ಮಾಲಕರನ್ನು ಕರೆದಳು. ಕಡಿಯುವುದು ಪ್ರತಿ ಸಲ ಬಾಗಿದ ಕಡೆಯ ಹೊರಮೈಯಲ್ಲೇ, ತಾಮ್ರದ ಎಳೆಗಳು ಜಗ್ಗಿಸಿಕೊಳ್ಳುವ ಜಾಗದಲ್ಲೇ, ಅಂತ ಒಂದೊಂದಾಗಿ ತೋರಿಸಿದಳು. ಆಮೇಲೆ ಹೇಳಿದಳು, “ಜಗ್ಗೂದನ್ನ ನಡುವ ಒಂದು ಹುರಿ ಇಟ್ಟು ಅದಕ್ಕ ಬಿಡೂಣ್ರಿ. ತಾಮ್ರ ಕರೆಂಟ್ ಒಯ್ದರ ಸಾಕು. ಒಬ್ಬರ ಮ್ಯಾಲ ಎರಡು ಕೆಲಸ ಹೇರಿದ್ರ ಅವರರ ಏನ್ ಮಾಡ್ಯಾರು?”

ನಾನು ಅಂದರೆ ಇಷ್ಟೇ ನೋಡಿ. ನಡುವೆ ಒಂದು ನೈಲಾನ್ ಹುರಿ, ಅದೂ ಬಿಗಿಯಾಗಿ ಅಲ್ಲ, ಸ್ವಲ್ಪ ಸಡಿಲವಾಗಿ. ಅದರ ಸುತ್ತ ತಾಮ್ರದ ಎಳೆಗಳು, ಒಂದೊಂದಕ್ಕೂ ಜಾರುವಂಥ ಪಟ್ಟಿಯ ಹೊದಿಕೆ. ಬಾಗಿದಾಗ ಎಳೆಗಳು ಒಂದರ ಪಕ್ಕ ಒಂದು ಜಾರಿಕೊಂಡು ಜಾಗ ಮಾಡಿಕೊಳ್ಳುತ್ತವೆ, ಯಾವುದೂ ಜಗ್ಗುವುದಿಲ್ಲ. ಮುಂದೆ ಪೇಪರಿನವರು ಬಂದು, ಹೂಗಾರರ ಮನೆಯ ಹೆಣ್ಣುಮಗಳಿಗೆ ಹೂಮಾಲೆ ನೋಡಿ ಈ ಉಪಾಯ ಹೊಳೆಯಿತು ಅಂತ ಬರೆದರು. ಶುದ್ಧ ಸುಳ್ಳು! ಅವಳಿಗೆ ಮಾಲೆ ಕಟ್ಟುವುದೆಂದರೆ ಚಿಕ್ಕಂದಿನಿಂದ ತಲೆನೋವು. ಉಪಾಯ ಬಂದದ್ದು ನಾನೂರು ಹೆಣಗಳನ್ನು ಸೀಳಿದ ಬ್ಲೇಡಿನಿಂದ.

ಕುದಿಯುವ ಪ್ಲಾಸ್ಟಿಕ್ ಮೈಮೇಲೆ ಸುರಿದು, ನೀರಿನ ತೊಟ್ಟಿಯಲ್ಲಿ ಚುಂಯ್ ಅಂತ ಎಳೆದಾಗ ನಾನು ಹುಟ್ಟಿದೆ. ಮೈ ಆರುವ ಮುಂಚೆಯೇ ಮೂರಡಿ ಕತ್ತರಿಸಿ ಆ ಯಂತ್ರಕ್ಕೆ ಕಟ್ಟಿದಳು. ನನ್ನ ಹಿಂದಿನವರು ಎಂಬತ್ತು, ತೊಂಬತ್ತು ಸಾವಿರಕ್ಕೆ ಪ್ರಾಣ ಬಿಟ್ಟವರು. ನಾನು ಮೂರು ಲಕ್ಷ ದಾಟಿದಾಗ ಕೆಲಸಗಾರರು ಊಟದ ಡಬ್ಬಿ ಹಿಡಿದು ನನ್ನ ಮುಂದೆ ಬಂದು ಕೂರತೊಡಗಿದರು. ಏಳು ಲಕ್ಷವಾದಾಗ ಮಾಲಕರು ಚಹಾ ಮರೆತು ನಿಂತರು. ನಲವತ್ತನೆಯ ದಿನ, ಹನ್ನೊಂದು ಲಕ್ಷದ ನಲವತ್ತು ಸಾವಿರಕ್ಕೆ ಯಂತ್ರದ ಬೇರಿಂಗೇ ಸವೆದು ಕೂತಿತು. ನಾನು ಹಾಗೇ ಇದ್ದೆ. ಜಂಬ ಅನ್ನಿ, ಏನಾದರೂ ಅನ್ನಿ, ನನ್ನ ದೀಪ ಆರಲೇ ಇಲ್ಲ.

ವಾಮನರಾವ್ ಒಳ್ಳೆಯ ಮನುಷ್ಯ. ಇದಕ್ಕೆ ಪೇಟೆಂಟ್ ಮಾಡಿಸೋಣ, ಕಂಡುಹಿಡಿದವಳ ಜಾಗದಲ್ಲಿ ನಿನ್ನ ಹೆಸರೊಂದೇ ಇರಲಿ, ಅಂದರು. ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟ ಇರಾವತಿ ಆ ದಿನ ಮನೆಗೆ ನಡೆದುಕೊಂಡು ಹೋದಳಂತೆ, ಬಸ್ಸಿಗೆ ನಿಲ್ಲುವಷ್ಟು ಸಮಾಧಾನ ಇರಲಿಲ್ಲ. ಬೆಂಗಳೂರಿನ ವಕೀಲ ಬಾಳಿಗಾ ಕಾಗದಪತ್ರ ಶುರು ಮಾಡಿದರು. ಅರ್ಜಿ ಹಾಕುವ ತನಕ ಒಳಗಿನ ರಚನೆ ಹೊರಗಿನವರ ಕಣ್ಣಿಗೆ ಬೀಳಬಾರದು, ಬಿದ್ದರೆ ಅದು ಹೊಸದಾಗಿ ಉಳಿಯುವುದಿಲ್ಲ, ಪೇಟೆಂಟ್ ಸಿಗುವುದಿಲ್ಲ ಅಂತ ಮೂರು ಸಲ ಎಚ್ಚರಿಸಿದರು. ಮಾಲಕರು ನನ್ನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಅಷ್ಟರಲ್ಲಿ ಖಂಡೇನವಮಿ ಬಂತು. ಯಂತ್ರಗಳನ್ನೆಲ್ಲ ತೊಳೆದು, ಬಾಳೆಕಂಬ ಕಟ್ಟಿ, ಚೆಂಡುಹೂ ಹಾಕಿ ಪೂಜೆ ಮಾಡುವ ದಿನ. ಸ್ಪಾನರಿನಿಂದ ಹಿಡಿದು ಇಕ್ಕಳದ ತನಕ ಎಲ್ಲಕ್ಕೂ ಕುಂಕುಮ ಬೀಳುವಾಗ, ಕಾರ್ಖಾನೆಗೆ ಮಾನ ತಂದ ನಾನು ಕತ್ತಲೆಯ ಕಪಾಟಿನಲ್ಲಿ ಕೂರುವುದೇ? ಇದು ಇರಾವತಿಗೂ ಸರಿಬರಲಿಲ್ಲ, ಮಾಲಕರಿಗೂ ಸರಿಬರಲಿಲ್ಲ. ವಕೀಲರ ಮಾತು ಇಬ್ಬರಿಗೂ ನೆನಪಿತ್ತು. ಆದರೆ ದೇವರ ಕೆಲಸಕ್ಕೆ ಅದು ಲಾಗೂ ಆಗುತ್ತದೆ ಅಂತ ಇಬ್ಬರಿಗೂ ಅನ್ನಿಸಲೇ ಇಲ್ಲ. ಮಾಲಕರೇ ಕೀಲಿಕೈ ಕೊಟ್ಟರು. ಅವಳು ನನ್ನನ್ನು ಒರೆಸಿ, ಮೈಗೆ ವಿಭೂತಿ ಎಳೆದು, ಕತ್ತರಿಸಿದ ಎರಡೂ ತುದಿಗೆ ಗಂಧ ಮೆತ್ತಿ, ಮೇಲೆ ದುಂಡಗೆ ದಟ್ಟಗೆ ಕುಂಕುಮ ಹಚ್ಚಿ, ಹೊರಗೆ ತಂದು ಪೂಜೆಯ ಮಣೆಯ ಮೇಲೆ ಕೂರಿಸಿದಳು. ನನ್ನ ಬದುಕಿನಲ್ಲೇ ಅಷ್ಟು ಚೆಂದ ನಾನು ಇನ್ಯಾವತ್ತೂ ಕಂಡಿಲ್ಲ.

ಪದ್ಧತಿಯಂತೆ ಅಕ್ಕಪಕ್ಕದ ಶೆಡ್ಡಿನವರು ಚುರುಮುರಿ, ಪೇಢೆಗೆ ಬಂದರು. ಹಿಂದಿನ ಗಲ್ಲಿಯಲ್ಲಿ ಇನ್ನೊಂದು ಕೇಬಲ್ ಕಾರ್ಖಾನೆ ನಡೆಸುವ ಅಪ್ಪಾಸಾಹೇಬ ಮುನವಳ್ಳಿಯೂ ಕ್ಯಾಮೆರಾ ಹಿಡಿದು ಬಂದ. ನನ್ನ ಮುಂದೆ ನಿಂತು, ಇದೇನು ವಿಶೇಷ ಅಂತ ಕೇಳಿದ. ಇರಾವತಿ ಹೆಮ್ಮೆ ತಡೆಯಲಾರದೆ ಹನ್ನೊಂದು ಲಕ್ಷದ ಲೆಕ್ಕ ಹೇಳಿದಳು. ಒಳಗೇನಿದೆ ಅಂದದ್ದಕ್ಕೆ ನಕ್ಕು ಪೇಢೆ ಕೊಟ್ಟಳು. ಅವನು ನನ್ನ ಫೋಟೋ ತೆಗೆದುಕೊಂಡು ಹೋದ.

ಹನ್ನೆರಡು ದಿನದ ಮೇಲೆ ಅರ್ಜಿ ಹೋಯಿತು. ಮೂರು ವರ್ಷದ ಮೇಲೆ ಅದಕ್ಕೆ ಮುನವಳ್ಳಿಯ ಆಕ್ಷೇಪಣೆ ಬಂತು. ಅರ್ಜಿಗೆ ಮುಂಚೆಯೇ ಈ ಕೇಬಲ್ಲನ್ನು ಸಾರ್ವಜನಿಕರ ಮುಂದೆ ಇಟ್ಟಿದ್ದರು, ತುದಿ ನೋಡಿದರೆ ಒಳಗಿನದೆಲ್ಲ ಕಾಣುತ್ತಿತ್ತು, ಹಾಗಾಗಿ ಇದು ಹೊಸದಲ್ಲ ಅಂತ. ಜೊತೆಗೆ ಫೋಟೋ. ಇರಾವತಿ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ನನ್ನ ಕೈಯಾರೆ ಹಾಳುಮಾಡಿದೆ, ನನ್ನ ಕೈಯಾರೆ, ಅಂತ ಯಂತ್ರದ ಮುಂದೆ ಕೂತು ಗೊಣಗುತ್ತಿದ್ದಳು. ನನಗೆ ಕರುಳು ಇದ್ದಿದ್ದರೆ ಅವತ್ತೇ ಕಿತ್ತುಬರುತ್ತಿತ್ತು.

ಬಾಳಿಗಾ ಬಂದವರು ಫೋಟೋ ನೋಡಿ ಹುರುಪಾದರು. ಎರಡೂ ತುದಿಯಲ್ಲಿ ಬರೀ ಕುಂಕುಮ ಕಾಣುತ್ತದೆ! ಕೂಡಲೇ ಇರಾವತಿಯ ಹೆಸರಿನಲ್ಲಿ ಒಂದು ಪ್ರಮಾಣಪತ್ರ ಸಿದ್ಧಮಾಡಿದರು. ಒಳಗಿನ ರಚನೆಯನ್ನು ಗುಟ್ಟಾಗಿ ಇಡುವ ಉದ್ದೇಶದಿಂದಲೇ ತುದಿಯನ್ನು ಕುಂಕುಮದಿಂದ ಮುಚ್ಚಿದೆ ಅಂತ ಅದರಲ್ಲಿತ್ತು. ಮಾಲಕರು ಕನ್ನಡದಲ್ಲಿ ಓದಿ ಹೇಳಿ ಪೆನ್ನು ಕೊಟ್ಟರು. ಅವಳು ಪೆನ್ನು ಮುಟ್ಟಲಿಲ್ಲ.

“ಪೂಜಿಗೆ ಹಚ್ಚಿದ ಕುಂಕುಮ ರೀ ಅದು. ಮುಚ್ಚಿಡಾಕ ಹಚ್ಚೀನಿ ಅಂತ ಹೆಂಗ ಸಹಿ ಮಾಡ್ಲಿ?”

ಆ ಸಾಲು ಇಲ್ಲದಿದ್ದರೆ ಕೇಸು ಬಿದ್ದುಹೋಗಬಹುದು, ಬೇಕಂತಲೇ ಪ್ರದರ್ಶನಕ್ಕೆ ಇಟ್ಟರು ಅನ್ನುತ್ತಾರೆ ಅಂತ ವಕೀಲರು ತಿಳಿಹೇಳಿದರು. ಮಾಲಕರು ಮೊದಲು ಬೇಡಿಕೊಂಡರು, ಆಮೇಲೆ ಸಿಟ್ಟಾದರು, ಎರಡು ದಿನ ಅವಳೊಡನೆ ಮಾತೇ ಆಡಲಿಲ್ಲ. ಪೇಟೆಂಟ್ ಬೇಡವೇ ನಿನಗೆ ಅಂದದ್ದಕ್ಕೆ, ಬೇಕು, ಜೀವಕ್ಕಿಂತ ಹೆಚ್ಚು ಬೇಕು, ಆದರೆ ಆ ಸಾಲು ಮಾತ್ರ ಬೇಡ ಅಂದಳು. ಕಡೆಗೆ ವಕೀಲರೇ ಸೋತು ‘ಪೂಜೆಗಾಗಿ ಹಚ್ಚಿದೆ’ ಅಂತ ತಿದ್ದಿದರು. ಅವಳು ಸಹಿ ಹಾಕಿದಳು. ಆ ಕಾಗದ ನೋಡಿ ನಾವು ಸೋತೆವು ಅಂತಲೇ ನಾನೂ ಅಂದುಕೊಂಡಿದ್ದೆ, ಸುಳ್ಳು ಹೇಳಲಾರೆ.

ವಿಚಾರಣೆ ಚೆನ್ನೈಯ ಪೇಟೆಂಟ್ ಕಚೇರಿಯಲ್ಲಿ. ನನ್ನನ್ನು ಕಾಗದದಲ್ಲಿ ಸುತ್ತಿ ಕರೆದೊಯ್ದರು. ಅಧಿಕಾರಿ ಒಬ್ಬ ಹೆಂಗಸು, ಮಾತು ಕಡಿಮೆ. ಭೂತಗನ್ನಡಿ ಹಿಡಿದು ಫೋಟೋ ನೋಡಿದರು, ನನ್ನನ್ನೂ ನೋಡಿದರು. ಮುನವಳ್ಳಿಯ ವಕೀಲ ಚುರುಕು. ಫೋಟೋ ತೆಗೆಯುವಾಗ ಕುಂಕುಮ ಇದ್ದಿರಬಹುದು, ಆದರೆ ಅದಕ್ಕೆ ಮುಂಚೆ ಎಷ್ಟೋ ಹೊತ್ತು ತುದಿ ತೆರೆದೇ ಇತ್ತು, ಬಂದವರೆಲ್ಲ ನೋಡಿದ್ದಾರೆ ಅಂತ ವಾದಿಸಿದ. ಇಲ್ಲ ಅನ್ನುವುದಕ್ಕೆ ನಮ್ಮ ಹತ್ತಿರ ಏನು ಪುರಾವೆ ಇತ್ತು? ಅಧಿಕಾರಿ ಇರಾವತಿಯ ಕಡೆ ತಿರುಗಿ, ಎಷ್ಟು ಹೊತ್ತು ಹಾಗೇ ಇಟ್ಟಿದ್ದಿರಿ ಅಂತ ಕೇಳಿದರು. ಬಾಳಿಗಾ ಅದನ್ನು ಕನ್ನಡದಲ್ಲಿ ಹೇಳಿದರು.

ಇರಾವತಿ ಎದ್ದು ನಿಂತಳು. “ಬೊಟ್ಟಿಲ್ಲದ ವಸ್ತುವನ್ನ ಪೂಜಿ ಮಣಿ ಮ್ಯಾಲ ಕೂಡಸೂದಿಲ್ರಿ. ಕಪಾಟಿನ ಮುಂದನ ಹಚ್ಚೀನಿ, ಆಮ್ಯಾಲ ಹೊರಗ ತಂದೀನಿ. ಮುಚ್ಚಾಕಂತ ಹಚ್ಚಿದ್ರ ಯಾವಾಗರ ಹಚ್ಚತಿದ್ದೆ. ಪೂಜಿಗೆ ಹಚ್ಚಿದ್ದು, ಅದಕ್ಕ ಮೊದಲ ಹಚ್ಚಬೇಕಾತು.” ಆಮೇಲೆ ಮುನವಳ್ಳಿಯನ್ನು ನೇರ ನೋಡಿ, “ಅವರ ಕಾರ್ಖಾನ್ಯಾಗೂ ಖಂಡೇ ಪೂಜಿ ಮಾಡ್ತಾರ. ಅವರನ್ನ ಕೇಳ್ರಿ,” ಅಂದಳು.

ಅಧಿಕಾರಿ ಕೇಳಿಯೇಬಿಟ್ಟರು. ಮುನವಳ್ಳಿಯ ವಕೀಲ ಅವನ ತೋಳು ಹಿಡಿದ. ಮುನವಳ್ಳಿ ನನ್ನನ್ನು ನೋಡಿದ, ಅವಳನ್ನು ನೋಡಿದ, ತಲೆ ತಗ್ಗಿಸಿದ. ಹಬ್ಬದ ದಿನದ ಬಗ್ಗೆ ಸುಳ್ಳು ಹೇಳುವ ಧೈರ್ಯ ಅವನಿಗೂ ಬರಲಿಲ್ಲ. “ಹೌದ್ರಿ. ನಮ್ಮಲ್ಲೂ ಮೊದಲ ಬೊಟ್ಟು, ಆಮ್ಯಾಲ ಮಣಿ. ನಾ ಹೋದಾಗ ಬೊಟ್ಟಿತ್ತು.”

ಮುಗಿಯಿತು. ಐದು ತಿಂಗಳ ಮೇಲೆ ಪೇಟೆಂಟ್ ಪತ್ರ ಬಂತು. ಇಂಗ್ಲಿಷಿನ ಅಷ್ಟು ಅಕ್ಷರಗಳ ನಡುವೆ ತನ್ನ ಹೆಸರು ಹುಡುಕಿ, ಅದರ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನಿಂತಿದ್ದಳು. ಆ ಸಾಲು ಬರೆಸದಿದ್ದದ್ದೇ ಒಳ್ಳೆಯದಾಯಿತು ಅಂತ ವಾಮನರಾವ್ ಎಲ್ಲರೆದುರಿಗೆ ಒಪ್ಪಿಕೊಂಡರು. ಪತ್ರವನ್ನು ಗೋಡೆಗೆ ಹಾಕಿದರು, ನನ್ನನ್ನು ಅದರ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು.

ಅಲ್ಲಿಂದ ನಾನು ನನ್ನ ಸಂತಾನ ಬೆಳೆಯುವುದನ್ನು ನೋಡಿದೆ. ಧಾರವಾಡದ ಡ್ರಮ್ಮಿಗೆ ಹೋದ ನನ್ನ ತಂಗಿ ಆರು ವರ್ಷ ದುಡಿದಳು, ಒಂದು ಸಲವೂ ಔಷಧ ಚೆಲ್ಲಲಿಲ್ಲ. ಆಮೇಲೆ ಗೋವೆಯ, ಹೈದರಾಬಾದಿನ ಮಾತ್ರೆ ಕಾರ್ಖಾನೆಗಳಿಗೂ ನಮ್ಮವರು ಹೋದರು. ನೀವು ಜ್ವರಕ್ಕೆ ನುಂಗಿದ ಯಾವುದೋ ಗುಳಿಗೆಯ ಹಿಂದೆ ನಮ್ಮ ಮನೆಯವರ ಬೆನ್ನು ಬಾಗಿರಬಹುದು.

ಪೇಟೆಂಟಿಗೂ ಆಯಸ್ಸು ಇರುತ್ತದೆ, ಇಪ್ಪತ್ತು ವರ್ಷ. ಅದು ತೀರಿದ ಮೇಲೆ ಯಾರು ಬೇಕಾದರೂ ನನ್ನಂಥವರನ್ನು ಮಾಡಬಹುದು. ಮೊನ್ನೆ ಅದೂ ತೀರಿತು. ಈಗ ನನ್ನ ಮೈ ಬಿರುಸಾಗಿದೆ, ತುದಿಯ ತಾಮ್ರ ಹಸಿರುಗಟ್ಟಿದೆ. ಇರಾವತಿ ನಿವೃತ್ತಳಾಗಿದ್ದಾಳೆ. ಬೇಸರವಾದಾಗ ಬಂದು ಯಂತ್ರದ ಹತ್ತಿರ ಕೂತು ಹೋಗುತ್ತಾಳೆ. ಅವಳು ಹಾಗೆ ಬಂದಿದ್ದ ಒಂದು ಮಧ್ಯಾಹ್ನ, ಕೂದಲು ಬೆಳ್ಳಗಾದ ಮುನವಳ್ಳಿ ಚೀಲದಲ್ಲಿ ಒಂದು ಕೇಬಲ್ ತುಂಡು ಹಿಡಿದು ಬಾಗಿಲಲ್ಲಿ ನಿಂತ. ಪೇಟೆಂಟಿನ ಕಾಗದ ಓದಿಕೊಂಡೇ ಮಾಡಿದೆವು, ಆದರೂ ಎರಡು ಲಕ್ಷಕ್ಕೆ ಕಡಿಯುತ್ತಿದೆ, ಅಂದ. ಹೇಳುವಾಗ ಅವನ ಕಣ್ಣು ನೆಲದ ಮೇಲಿತ್ತು.

ಹೊರಗೆ ಹಾಕುತ್ತಾಳೆ ಅಂತ ನಾನು ಕಾದೆ. ಖುಷಿಯಿಂದಲೇ ಕಾದೆ ಅನ್ನಬೇಕು. ಅವಳು ಬ್ಲೇಡು ತರಿಸಿದಳು. ಉದ್ದಕ್ಕೆ ಸೀಳಿದಳು, ಬೆಳಕಿಗೆ ಹಿಡಿದಳು. ನಡುವಿನ ಹುರಿಯನ್ನು ಬಿಗಿಯಾಗಿ ಜಗ್ಗಿ ಹಾಕಿದ್ದೀರಿ, ಎಷ್ಟು ಸಡಿಲ ಇರಬೇಕು ಅನ್ನುವುದು ಕೈಗೆ ಗೊತ್ತಾಗಬೇಕು ಅಂತ ಹೇಳಿ, ಪೆಟ್ಟಿಗೆಯ ಗಾಜು ಸರಿಸಿ ನನ್ನನ್ನೇ ಅವನ ಕೈಗೆ ಕೊಟ್ಟಳು. ಅವನು ನನ್ನನ್ನು ಬಾಗಿಸಿದ, ಬಿಟ್ಟ, ಮತ್ತೆ ಬಾಗಿಸಿದ. ಇಷ್ಟು ವರ್ಷದ ಮೇಲೆ ಬಾಗುವುದು ನನಗೂ ನೋವೇ. ಆದರೂ ಕಡಿಯಲಿಲ್ಲ.

“ಅಕ್ಕಾರ, ನಮ್ಮ ಕೇಬಲ್ಲಿನ ಮ್ಯಾಲ ನಿಮ್ಮ ಹೆಸರ ಹಾಕಸ್ತೀನ್ರಿ,” ಅಂದ.

“ನನ್ನ ಹೆಸರ ಗ್ವಾಡಿ ಮ್ಯಾಲ ಐತ್ರಿ,” ಅಂದಳು ನನ್ನ ತಾಯಿ. “ನೀವು ಔಷಧ ಚೆಲ್ಲದಂಗ ಮಾಡ್ರಿ, ಸಾಕು.”