ಟೈಲರಣ್ಣ ತಂದ ಒಂದೇ ಒಂದು ಮಾತ್ರೆ

ನಲವತ್ತು ವರ್ಷ ಬಟ್ಟೆ ಹೊಲಿದವನಿಗೆ ತನ್ನ ಕಣ್ಣಿನ ಮೇಲೆ ಒಂದಿಷ್ಟು ಜಂಬ ಇದ್ದೇ ಇರುತ್ತದೆ. ನಮ್ಮ ಟೈಲರಣ್ಣನಿಗೆ ಅದು ತುಸು ಜಾಸ್ತಿಯೇ. ಗಿರಾಕಿ ಒಂದು ಗುಂಡಿ ತೋರಿಸಿದರೆ ಸಾಕು, ಡಬ್ಬಿಗೆ ಕೈಹಾಕಿ ಅದರ ಜೋಡಿಯನ್ನು ಎತ್ತಿಕೊಡುತ್ತಿದ್ದ. ಗುಂಡಿಗಳನ್ನು ರಟ್ಟಿನಿಂದ ಬಿಡಿಸಿ ಬಣ್ಣದ ಪ್ರಕಾರ ಖಾನೆಗೆ ಹಾಕುವುದು ಅವನ ಪದ್ಧತಿ. ಮನೆಗೆ ತಂದ ಮಾತ್ರೆಗಳಿಗೂ ಅದೇ ಗತಿ. ಬಿಳಿಯದು ಬಿಳಿಯದರ ಜೊತೆ, ಹಳದಿ ಹಳದಿಯ ಜೊತೆ. ಮಾತ್ರೆ ಬಿಡಿಸಿದ ಮೇಲೆ ಹೆಸರಿರುವ ಹಾಳೆ ಕಸದ ಬುಟ್ಟಿಗೆ.

ಬಿಳಿಯ ಖಾನೆಯಲ್ಲಿ ಅವನ ಸಕ್ಕರೆ ಕಾಯಿಲೆಯ ಮಾತ್ರೆಯೂ ಇತ್ತು, ಹೆಂಡತಿಯ ಬಿ.ಪಿ. ಮಾತ್ರೆಯೂ ಇತ್ತು. ಗಾತ್ರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಅದು ತನಗೆ ಕನ್ನಡಕವಿಲ್ಲದೆಯೂ ಕಾಣುತ್ತದೆ ಎಂಬುದು ಅವನ ವಾದ. ಆ ದಿನ ಬೆಳಿಗ್ಗೆ ಹೆಂಡತಿಯದು ಒಂದೇ ಉಳಿದಿದೆ ಎಂದುಕೊಂಡು ಅದನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟ. ಹಿಂದೊಮ್ಮೆ ಎರಡು ದಿನ ಮಾತ್ರೆ ತಪ್ಪಿ ಅವಳು ಒಲೆಯ ಪಕ್ಕದಲ್ಲೇ ತಲೆಸುತ್ತಿ ಬಿದ್ದಿದ್ದಳು. ಆ ಸದ್ದು ಅವನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

"ತಿಂಡಿ ತಿಂದಿರು. ಬಂದು ಕೊಡ್ತೀನಿ," ಎಂದು ಹೇಳಿ ಮೂಲೆಯ ಔಷಧಿ ಅಂಗಡಿಗೆ ಹೋದ.

"ತಂಗೀ, ಇದಕ್ಕೆ ಮ್ಯಾಚ್ ಆಗೋದು ಮೂವತ್ತು ಕೊಡಮ್ಮ."

ಅಂಗಡಿಯಾಕೆ ಕಾಗದ ಬಿಡಿಸಿ ನೋಡಿದಳು. "ಚೀಟಿ ಎಲ್ಲಿ ಟೈಲರಣ್ಣ?"

"ಮಾತ್ರೇನೇ ಕಣ್ಣೆದುರಿಗಿರೋವಾಗ ಚೀಟಿ ಯಾಕೆ?"

"ಬಿಳಿ ಗುಂಡು ಮಾತ್ರೆ ನನ್ನ ಹತ್ರ ನೂರು ಥರ ಇದೆ. ಮುಖ ನೋಡಿ ಕೊಡೋಕಾಗಲ್ಲ. ಹೆಸರಿರೋ ಹಾಳೆ ತೋರಿಸಿದ್ರೂ ಇವತ್ತಿನ ಮಟ್ಟಿಗೆ ಏನಾದ್ರೂ ನೋಡಬಹುದಿತ್ತು."

ಟೈಲರಣ್ಣನಿಗೆ ಮೂಗಿನ ತುದಿಗೇ ಕೋಪ ಬಂತು. "ನಿನ್ನ ಸ್ಕೂಲ್ ಯೂನಿಫಾರಂ ಹೊಲಿದವನು ನಾನು! ನನ್ನನ್ನೇ ನಂಬಲ್ವಾ?"

"ಅಳತೆ ತಗೊಳ್ಳದೆ ಹೊಲಿದ್ರಾ?"

ಅವನು ಮಾತ್ರೆಯನ್ನು ಮತ್ತೆ ಕಾಗದದಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದ. ಹಾಳಾದ ಹುಡುಗಿ, ಚಿಕ್ಕಂದಿನಿಂದಲೂ ಹೀಗೆಯೇ! ಡಾಕ್ಟರ ಬಳಿ ಹೊಸ ಚೀಟಿ ಬರೆಸೋಣವೆಂದರೆ ಅವತ್ತು ಕ್ಲಿನಿಕ್‌ಗೆ ರಜ.

ಚೀಟಿಯ ನೆನಪಾದದ್ದು ಅರ್ಧ ದಾರಿಯಲ್ಲಿ. ಖಾಲಿ ಕಾಗದ ಕಂಡರೆ ಸುಮ್ಮನಿರುವ ಜನ್ಮವಲ್ಲ ಅವನದು. ಚೀಟಿಯ ಹಿಂಬದಿಯಲ್ಲಿ ಯಾರದೋ ಪ್ಯಾಂಟಿನ ಅಳತೆ ಬರೆದು ಬಟ್ಟೆಗೆ ಸಿಕ್ಕಿಸಿದ್ದ. ತನ್ನ ಹೊಲಿಗೆ ಅಂಗಡಿಗೆ ಓಡಿ ಗಂಟುಗಳನ್ನೆಲ್ಲ ಬಿಚ್ಚಿ ಚೆಲ್ಲಾಡಿದ. ಕೊನೆಗೆ ಕಂದು ಬಟ್ಟೆಯೊಂದರಲ್ಲಿ ಅದು ಸಿಕ್ಕಾಗ ಗುಂಡುಪಿನ್ನು ಬೆರಳಿಗೆ ಚುಚ್ಚಿದ್ದೂ ಅವನಿಗೆ ಗೊತ್ತಾಗಲಿಲ್ಲ.

ಅವನು ಔಷಧಿ ಅಂಗಡಿಗೆ ಮರಳಿದಾಗ ಅಂಗಡಿಯಾಕೆ ಚೀಟಿ ಓದಿ, ಒಳಗಿನಿಂದ ಒಂದು ಹಾಳೆ ಮಾತ್ರೆ ತಂದು ಅವನ ಮಾತ್ರೆಯ ಪಕ್ಕದಲ್ಲಿಟ್ಟಳು. ಅವಳ ಮುಖದ ನಗು ಮಾಯವಾಯಿತು.

"ಟೈಲರಣ್ಣ, ಕನ್ನಡಕ ಹಾಕ್ಕೊಂಡು ನೋಡಿ. ಅಕ್ಕನ ಮಾತ್ರೆಗೆ ಮಧ್ಯೆ ಗೀರಿದೆ. ನೀವು ತಂದಿದ್ದಕ್ಕೆ ಇಲ್ಲ. ಇದು ನಿಮ್ಮ ಸಕ್ಕರೆ ಕಾಯಿಲೆದು."

ಅವನು ಕನ್ನಡಕ ಏರಿಸಿ ಎರಡನ್ನೂ ಹೋಲಿಸಿ ನೋಡಿದ. "ಹಾಗಾದ್ರೆ ನಿನ್ನೆ ನಾನು ಏನು ಕೊಟ್ಟೆ?"

ಅವಳು ನೇರ ಅವನ ಮನೆಗೆ ಫೋನ್ ಮಾಡಿದಳು. ಬೆವರು, ನಡುಕ, ತಲೆಸುತ್ತು ಏನಾದರೂ ಇದೆಯೇ ಎಂದು ಒಂದೊಂದಾಗಿ ಕೇಳಿದಳು. ಏನೂ ಇರಲಿಲ್ಲ. ಅಕ್ಕ ಬಟ್ಟೆ ಒಗೆಯುತ್ತಿದ್ದಳು, ಮತ್ತು ಗಂಡ ಎಲ್ಲಿ ಹರಟುತ್ತ ನಿಂತಿದ್ದಾನೆಂದು ತಿಳಿಯಬೇಕಿತ್ತು. ಟೈಲರಣ್ಣ ಸ್ಟೂಲಿನ ಮೇಲೆ ಕುಳಿತುಕೊಂಡ.

"ಸಂಜೆ ಕರ್ಕೊಂಡು ಬನ್ನಿ, ಬಿ.ಪಿ. ನೋಡ್ತೀನಿ. ನಾಳೆ ಡಾಕ್ಟರಿಗೂ ಮುಚ್ಚುಮರೆಯಿಲ್ದೆ ಹೇಳಿ," ಎಂದು ಅವಳು ಚೀಟಿಯ ನಕಲು ತೆಗೆದಳು. "ಇದು ನನ್ನ ಹತ್ರ ಇರುತ್ತೆ. ಹಿಂಬದಿಯ ಸೊಂಟದಳತೆ ನಿಮಗೇ ಇರಲಿ. ಇನ್ಮೇಲೆ ಮಾತ್ರೆ ಹಾಳೆಯಲ್ಲೇ ಇರಬೇಕು. ಒಂದು ವಾರಕ್ಕಾಗೋಷ್ಟು ಉಳಿದಿರುವಾಗಲೇ ಫೋನ್ ಮಾಡಿ. ತೆಗೆದಿಟ್ಟಿರ್ತೀನಿ, ಚೀಟಿ ತೋರಿಸಿ ತಗೊಂಡು ಹೋಗಿ. ನಿಲ್ಲೋದೂ ಬೇಡ, ಜಗಳಾನೂ ಬೇಡ."

"ಆಯ್ತು ತಾಯಿ," ಎಂದ. ಜನ್ಮದಲ್ಲಿ ಮೊದಲ ಸಲ ಯಾರಿಗೋ ಎದುರಾಡದೆ ಒಪ್ಪಿಕೊಂಡಿದ್ದ, ಅದರಲ್ಲೂ ಒಂದು ಸುಖವಿತ್ತು.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಎಲ್ಲ ಹೇಳಿಬಿಟ್ಟ. "ಆ ತಂಗಿ ತಡೀದೆ ಇದ್ದಿದ್ರೆ, ಒಂದು ತಿಂಗಳು ನನ್ನ ಮಾತ್ರೆ ನಿನ್ನ ಹೊಟ್ಟೆ ಸೇರ್ತಿತ್ತು ಕಣೇ!"

ಬೈಗುಳಕ್ಕೆ ಅವನು ಸಿದ್ಧನಾಗಿದ್ದ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ನಕ್ಕಳು. "ಸೇರ್ತಿತ್ತು. ನೀವು ಕೊಟ್ಟಿದ್ದನ್ನ ನಾನು ಯಾವತ್ತು ನೋಡಿ ನುಂಗಿದ್ದೀನಿ?"

ಹಾಗೆಂದವಳು ಎಂದಿನಂತೆ ಒಲೆಯ ಕಡೆ ನೋಡುತ್ತಲೇ ಅಂಗೈ ಚಾಚಿದಳು.

ಅವನು ಆ ಅಂಗೈಗೆ ಏನನ್ನೂ ಹಾಕದೆ, ಅವಳ ಕನ್ನಡಕ ತಂದು ಕೊಟ್ಟು, ಹಾಳೆಯನ್ನು ಮುಂದೆ ಹಿಡಿದ. "ಮೊದಲು ಹೆಸರು ಓದು."

"ಅಯ್ಯೋ, ಇದೇನ್ರೀ ಹೊಸ ಆಟ!" ಎಂದಳು. ಆದರೂ ಅವಳು ಅಕ್ಷರ ಕೂಡಿಸಿಕೊಂಡು ಪೂರ್ತಿ ಹೆಸರು ಓದಿ ಮುಗಿಸುವ ತನಕ ಅವನು ಮಾತ್ರೆ ಬಿಡಿಸಲಿಲ್ಲ.