ಅಳಿಸಿದ ಎರಡು ಮಾತು

ಮಗ ಅಕ್ಕಿಯ ಕೊಳಗಕ್ಕೆ ಕೈ ಹಾಕುವುದೇ ತಡ, ಪಾವ್‌ಚೂ ಅವನ ತೋಳು ಹಿಡಿದು ಹಿಂದಕ್ಕೆಳೆದಳು.

"ಬಿಡೋ ಅದನ್ನ. ಅವನಿಗೆ ನೀನು ಮಗ ಆಗೋದು ಬೇಡ."

ಕೊಳಗದ ಅಕ್ಕಿಯಲ್ಲಿ ಅವಳ ತೀರಿಕೊಂಡ ಮೈದುನ ತ್ಯೆನ್‌ಫುವಿನ ಹೆಸರಿನ ಹಲಗೆ ನೆಟ್ಟಿದ್ದರು. ಮದುವೆಯಾಗದೆ, ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತಲೇ ಮುದುಕನಾದವನು. ಮಕ್ಕಳಿಲ್ಲದವನ ಕೊಳಗವನ್ನು ಶವಯಾತ್ರೆಯಲ್ಲಿ ಅಣ್ಣನ ಮಗ ಹೊರಬೇಕು. ಹೊರುವವರಿಲ್ಲದಿದ್ದರೆ ಸತ್ತವನು ನೆಲೆಯಿಲ್ಲದೆ ಅಲೆಯುತ್ತಾನೆ. ಪೆಂಗ್ಹು ದ್ವೀಪದಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ಅಮ್ಮ, ಜನ ನೋಡ್ತಿದಾರೆ," ಎಂದ ಕ್ವೋಟಿಂಗ್. ದೋಣಿಗಳಿಗೆ ಬೆಸುಗೆ ಹಾಕುವ ಗಟ್ಟಿ ಆಳು. ತಾಯಿಯ ಮುಂದೆ ಮಾತ್ರ ಅವನಿಗೆ ದನಿಯೇ ಇಲ್ಲ.

"ನೋಡ್ಲಿ. ಒಡಹುಟ್ಟಿದ ಅಣ್ಣನ ಪರ ಒಂದು ಮಾತು ಬರೀಲಿಲ್ಲ. ದೊಡ್ಡ ನ್ಯಾಯಸ್ಥ!"

"ಹೆಣದ ಮೇಲೆ ಎಂಥ ಹಟವೇ?" ಹುಡುಗನ ಸೋದರತ್ತೆ ಗದರಿದಳು. "ಪುರೋಹಿತರು ಆಗಿನಿಂದ ಗಂಟೆ ಹಿಡ್ಕೊಂಡು ನಿಂತಿದಾರೆ."

ಪಾವ್‌ಚೂ ಜಗ್ಗಲಿಲ್ಲ.

*

ಆ ಬಂದರಿನ ಪ್ರಯಾಣಿಕರ ದೋಣಿಯೊಂದು ಮುಳುಗಿ ಎಷ್ಟೋ ವರ್ಷದ ಮೇಲೆ, ಯಾರು ಬೇಕಾದರೂ ಬರೆದು ತಿದ್ದಬಹುದಾದ ಇಂಟರ್ನೆಟ್ಟಿನ ವಿಶ್ವಕೋಶದಲ್ಲಿ ಅದರ ಬಗ್ಗೆ ಒಂದು ಪುಟ ಬಂತು. ತ್ಯೆನ್‌ಫುವಿಗೆ ಆ ವಿಶ್ವಕೋಶದ ಹುಚ್ಚು. ಕಡಲಹಕ್ಕಿ, ದೀಪಸ್ತಂಭ, ಹಳೇ ಬಾವಿ, ಏನು ಸಿಕ್ಕಿದರೂ ಬರೆಯುತ್ತಿದ್ದ.

ಆ ದೋಣಿ ನಡೆಸುತ್ತಿದ್ದವನು ಪಾವ್‌ಚೂಳ ಗಂಡ. ಪ್ರಯಾಣಿಕರ ಜೊತೆ ಅವನೂ ನೀರುಪಾಲಾದ. 'ಕುಡಿದಿದ್ದನಂತೆ' ಎಂದು ಬಂದರಿನಲ್ಲಿ ಆಡಿಕೊಳ್ಳುವುದನ್ನು ಕೇಳಿ ಕೇಳಿ ರೋಸಿಹೋದ ಪಾವ್‌ಚೂ, ಮಗನ ಕೈಯಲ್ಲಿ ಆ ಪುಟಕ್ಕೆ ಒಂದು ಸಾಲು ಸೇರಿಸಿದಳು: 'ಪ್ರಯಾಣಿಕರನ್ನು ಉಳಿಸಲು ಹೋಗಿ ನಾವಿಕ ಪ್ರಾಣ ಕೊಟ್ಟ.' ಮಾರನೆಯ ದಿನ ಸಾಲು ಮಾಯ.

"ನಾನೇ ತೆಗೆದೆ ಅತ್ತಿಗೆ," ಎಂದ ತ್ಯೆನ್‌ಫು, ಅವಳ ಮನೆಯಲ್ಲಿ ಉಣ್ಣುತ್ತಿದ್ದ ಮೀನಿನ ಗಂಜಿಯಿಂದ ಮುಖ ಎತ್ತದೆ. "ನೋಡಿದೋರು ಯಾರೂ ಬದುಕಿಲ್ಲ. ಕಾರಣ ಗೊತ್ತಾಗಿಲ್ಲ ಅಂತ ವಿಚಾರಣೆಯೋರು ಹೇಳಿದಾರೆ. ಅಷ್ಟೇ ಇರ್ಬೇಕು."

"ನಿನ್ನಣ್ಣ ಎಂಥೋನು ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ನಾನು ಬರೀಬಾರ್ದು."

ಅವಳು ಗಂಜಿಯ ಬಟ್ಟಲನ್ನೇ ಕಿತ್ತುಕೊಂಡಳು. ಆಮೇಲೆ ಅವನು ಆ ಹೊಸಿಲು ತುಳಿಯಲಿಲ್ಲ.

*

ಸಾವಿನ ಮನೆಯಲ್ಲಿ ನೆರೆದಿದ್ದ ಗುಂಪು ಎರಡಾಗಿ ಸರಿಯಿತು. ಊರುಗೋಲು ಊರಿಕೊಂಡು ಬಂದವನು ಮುದುಕ ಹುಂಗ್. ಅದೇ ದೋಣಿಯಲ್ಲಿ ಮಗಳನ್ನು ಕಳೆದುಕೊಂಡವನು. ಪಾವ್‌ಚೂಳನ್ನು ಕಂಡರೆ ಬೀದಿಯ ಆಚೆ ಬದಿಗೆ ದಾಟುತ್ತಿದ್ದ. ಈಗ ಊದುಬತ್ತಿ ಸಿಕ್ಕಿಸಿ ನೇರ ಅವಳತ್ತಲೇ ಬಂದ.

"ನಿನ್ನ ಮೈದುನನ ಜೊತೆ ನಾನು ಜಗಳ ಆಡಿದಷ್ಟು ಹೆಂಡತಿ ಜೊತೆನೂ ಆಡಿಲ್ಲಮ್ಮ," ಎಂದ. "ನಿನ್ನ ಗಂಡ ಕುಡಿದಿದ್ದ ಅಂತ ಆ ಪುಟದಲ್ಲಿ ಬರೆದೋನು ನಾನೇ. ಇವನು ಅಳಿಸಿದ. ಮತ್ತೆ ಬರೆದೆ. 'ನಾನು ಸತ್ತವನ ತಮ್ಮ, ಮುಚ್ಚುಮರೆ ಇಲ್ಲ; ಕುಡಿದಿದ್ದಕ್ಕೆ ಆಧಾರ ಏನಿದೆ ತೋರಿಸಿ' ಅಂತ ಕೇಳಿ ಮತ್ತೆ ಅಳಿಸಿದ. ಅಣ್ಣನ್ನ ಉಳಿಸ್ಕೊಳ್ಳೋ ಕಳ್ಳ ಅಂತ ಬಾಯಿಗೆ ಬಂದ ಹಾಗೆ ಬೈದೆ."

"ಆಮೇಲೆ?" ಪಾವ್‌ಚೂ ಕೇಳಿದಳು.

"ಯಾರೋ ಪುಣ್ಯಾತ್ಮರು ಬಂದು ನಾವಿಕ ಪ್ರಾಣ ಕೊಟ್ಟ, ಅದು ಇದು ಅಂತ ಬರೆದ್ರು. ನೋಡಮ್ಮ, ಅದನ್ನೂ ಅಳಿಸಿಬಿಟ್ಟ! ಸ್ವಂತ ಅಣ್ಣನ ಹೊಗಳಿಕೆಗೇ ಕತ್ತರಿ ಹಾಕೋನು ನನ್ನ ಹತ್ರ ಯಾಕೆ ಸುಳ್ಳಾಡ್ತಾನೆ ಅನ್ನಿಸ್ತು. ಅಲ್ಲಿಗೆ ನಿಲ್ಲಿಸಿದೆ. ಬಂದರಿನಲ್ಲೂ ಬಾಯಿ ಮುಚ್ಚಿಸಿದೆ, ಯಾರೂ ಆ ಮಾತು ಎತ್ತಬೇಡಿ ಅಂತ."

ಆ ಮಾತು ಯಾವಾಗ ನಿಂತಿತೆಂದು ಪಾವ್‌ಚೂಳಿಗೆ ನೆನಪಿತ್ತು. ಜನಕ್ಕೆ ಆಡಿ ಆಡಿ ಸಾಕಾಯಿತೆಂದುಕೊಂಡಿದ್ದಳು. ಈಗ ನಾಚಿಕೆಯಾಯಿತು. ಮೈದುನನ ಕೈಯಿಂದ ತಾನು ಅರ್ಧಕ್ಕೇ ಕಿತ್ತುಕೊಂಡ ಗಂಜಿಯ ಬಟ್ಟಲು ನೆನಪಾಯಿತು.

"ಆ ಸಾಲು ಬರೆಸಿದ್ದು ನಾನು, ಯಜಮಾನ್ರೇ."

ಹುಂಗ್ ಅವಳ ಮುಖವನ್ನೇ ನೋಡಿದ. "ಇರ್ಲಿ ಬಿಡು. ಆಧಾರ ಇಲ್ದೆ ನಾನೂ ಬರೆದಿಲ್ವಾ?"

ಅವಳು ಮಗನತ್ತ ತಿರುಗಿದಳು. "ಏನ್ ಬಾಯಿ ಬಿಟ್ಕೊಂಡು ನಿಂತೆ? ಎತ್ಕೋ. ಎರಡೂ ಕೈಲಿ ಹಿಡಿ, ಅಲ್ಲಾಡಿಸಬೇಡ. ನಿನ್ನ ಚಿಕ್ಕಪ್ಪ ಅದು."

ಪುರೋಹಿತರು ಗಂಟೆ ಬಾರಿಸಿದರು. ಹೊರಗೆ ಬಿಸಿಲು ರಾಚುತ್ತಿತ್ತು. ಸತ್ತವನ ಹಲಗೆಗೆ ಬಿಸಿಲು ತಾಗಬಾರದೆಂದು ಪಾವ್‌ಚೂ ಕರೀ ಕೊಡೆ ಬಿಚ್ಚಿ ಮಗನ ಬೆನ್ನಿಗೇ ನಡೆದಳು. ಬಂದರಿನ ತಿರುವಿನಲ್ಲಿ ಕಡಲಗಾಳಿ ಕೊಡೆಯನ್ನು ಎತ್ತಿ ಎತ್ತಿ ಎಳೆಯಿತು. ಹುಂಗ್ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ, ಅವಳ ಮುಷ್ಟಿಯ ಮೇಲುಗಡೆ ಕೊಡೆಯ ಕಾವು ಹಿಡಿದ. ಅವಳು ಒಂದು ಕಡೆಗೆ, ಅವನು ಇನ್ನೊಂದು ಕಡೆಗೆ ಜಗ್ಗಿ ಹಿಡಿದದ್ದಕ್ಕೆ ಕೊಡೆ ಹಲಗೆಯ ಮೇಲೆ ನೆಟ್ಟಗೆ ನಿಂತಿತು.