ಮಗಳ ಗಂಡನ ಸೈಲೆನ್ಸರ್

ಅಳಿಯ ಅಲ್ಲ, ಮಗಳ ಗಂಡ ಎನ್ನುವ ಗಾದೆಯನ್ನು ಜನ ತಮಾಷೆಗೆ ಹೇಳುತ್ತಾರೆ. ಈ ಮನೆಯ ಮಾವ ಅದನ್ನು ಏಳು ವರ್ಷದಿಂದ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದರು. ಅಳಿಯ ಎದುರಿಗೇ ಕೂತಿದ್ದರೂ ಮಗಳ ಕಡೆ ತಿರುಗಿ, "ಫ್ಯಾನ್ ಜೋರು ಮಾಡು ಅಂತ ನಿನ್ನ ಗಂಡನಿಗೆ ಹೇಳು" ಎನ್ನುವರು. ಅವನು ಎದ್ದು ಫ್ಯಾನ್ ಜೋರು ಮಾಡಿ, "ಆಯ್ತು ಅಂತ ನಿಮ್ಮಪ್ಪನಿಗೆ ಹೇಳು" ಎನ್ನುವನು. ಮಗಳು ಆಸ್ಪತ್ರೆಯಲ್ಲಿ ನರ್ಸು, ಮನೆಯಲ್ಲಿ ಟಪಾಲು ಪೆಟ್ಟಿಗೆ.

ತಪ್ಪು ಅಳಿಯನದೇ. ಅವನು ವಾಚು ರಿಪೇರಿ ಮಾಡುವವನು. ಮದುವೆಯಾದ ಹೊಸತರಲ್ಲಿ ಮಾವ ತಮ್ಮ ಗೋಡೆ ಗಡಿಯಾರ ನಿಂತುಹೋಗಿದೆಯೆಂದು ಇಳಿಸಿ ಕೊಟ್ಟರು. ಇವನು ಬಿಚ್ಚಿ ನೋಡಿ, ಎಂಟು ಜನ ನೆಂಟರ ಮುಂದೆ, "ಗಡಿಯಾರಕ್ಕೆ ಏನೂ ಆಗಿಲ್ಲ ಮಾವ, ನೀವು ಕೀಲಿ ಕೊಡೋದು ಮರೆತಿದ್ದೀರಿ" ಅಂದ. ನೆಂಟರು ಬಿದ್ದು ಬಿದ್ದು ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಮಾವ ದಿನಾ ಬೆಳಿಗ್ಗೆ ಇಡೀ ಮನೆಗೆ ಕೇಳುವಂತೆ ಕರಕರ ಕೀಲಿ ಕೊಡುತ್ತಾರೆ, ಅಳಿಯನಿಗೆ ಮಾತ್ರ ಮಾತು ಕೊಡುವುದಿಲ್ಲ.

ಹೀಗಿರುವಾಗ ಹೋದ ವರ್ಷ ಮಾವ, "ನನ್ನ ಬೈಕು ಬೇಕಾದ್ರೆ ಬಿಚ್ಚಿ ನೋಡ್ಲಿ ಅಂತ ನಿನ್ನ ಗಂಡನಿಗೆ ಹೇಳು" ಅಂದಾಗ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು. ಮಾವ ಹರೆಯದಲ್ಲಿ ಓಡಿಸುತ್ತಿದ್ದ ಪುಟ್ಟ ಬೈಕು ಅದು, ಇಪ್ಪತ್ತು ವರ್ಷದಿಂದ ಟಾರ್ಪಾಲಿನ ಕೆಳಗೆ ಮಲಗಿತ್ತು. ಅದೊಂದು ಎದ್ದುಬಿಟ್ಟರೆ ಮಾವ ತನ್ನ ಜೊತೆ ಒಂದು ಮಾತಾದರೂ ಆಡಿಯಾರು ಎಂಬುದೇ ಅವನ ಆಸೆ. ಬಿಚ್ಚಿದ. ಕಾರ್ಬುರೇಟರ್ ಹಾಲಿನ ಪಾತ್ರೆಗೆ ಬಂತು, ಬೇರಿಂಗು ಸೋಪಿನ ಡಬ್ಬಿಗೆ, ಚೈನು ಸ್ನಾನದ ಬಕೆಟ್ಟಿಗೆ. ವರ್ಷ ಕಳೆಯುವಷ್ಟರಲ್ಲಿ ಟಪಾಲು ಪೆಟ್ಟಿಗೆ ತುಂಬಿ ತುಳುಕಿತು, ಮಗಳ ತಾಳ್ಮೆ ಮುಗಿಯಿತು.

"ಭಾನುವಾರ ನಾಲ್ಕು ಗಂಟೆಗೆ ಗುಜರಿಯವನು ಬರ್ತಾನೆ. ಅಷ್ಟರಲ್ಲಿ ಗಾಡಿ ಸ್ಟಾರ್ಟ್ ಆದ್ರೆ ಇರ್ಲಿ, ಇಲ್ಲಾಂದ್ರೆ ತಕ್ಕಡಿಗೆ. ಇಬ್ಬರಿಗೂ ಹೇಳ್ತಿದ್ದೀನಿ, ಯಾರೂ ಯಾರಿಗೂ ಹೇಳಿ ಕಳಿಸ್ಬೇಕಾಗಿಲ್ಲ."

ಶನಿವಾರಕ್ಕೆ ಉಳಿದದ್ದು ಸೈಲೆನ್ಸರ್ ಒಂದೇ. ಹಳೆಯದು ತುಕ್ಕು ಹಿಡಿದು ಜರಡಿಯಾಗಿತ್ತು. ಅದರ ಎರಡು ನಟ್ಟು ಎಣ್ಣೆಗೂ ಜಗ್ಗಲಿಲ್ಲ, ಬೈಗುಳಕ್ಕೂ ಜಗ್ಗಲಿಲ್ಲ. ಕೊನೆಗೆ ಬೆಂಕಿ ತೋರಿಸಿದ ಮೇಲೆ ಕಳಚಿ, ಒಂದು ಸೇರು ಮಸಿ, ತುಕ್ಕು ಉದುರಿಸಿತು. ವಾಚು ರಿಪೇರಿಯವರ ಕಣ್ಣಿಗೆ ತೆರೆದ ತೂತು ಕಂಡರೆ ಆಗುವುದಿಲ್ಲ. ಅಂಗಡಿಯಲ್ಲಿ ವಾಚು ಬಿಚ್ಚಿಟ್ಟಿದ್ದರೆ ಇವನು ಸೀನು ಬಂದರೂ ಬೀದಿಗೆ ಓಡುವನು. ತುಕ್ಕು ಒಳಗೆ ಬಿದ್ದೀತೆಂದು ಎಂಜಿನ್ನಿನಿಂದ ಹೊಗೆ ಹೊರಬರುವ ತೂತಿಗೆ, ಕೈಗೆ ಸಿಕ್ಕ ಬಟ್ಟೆ ತುರುಕಿದ. ಹೊಸ ಸೈಲೆನ್ಸರಿನ ಬಾಗು ಒಂದು ಬೆರಳು ಆಚೆ ಬಂದು ಕಾಲಿಡುವ ಕಂಬಿಗೆ ತಾಗುತ್ತಿತ್ತು. ಅದನ್ನು ಒಲಿಸಿ ಕೂರಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಸೈಲೆನ್ಸರಿನ ಹೊಳಪಿನಲ್ಲಿ ಮುಖ ನೋಡಿಕೊಂಡು ತಲೆಯನ್ನೂ ಬಾಚಿಕೊಂಡ.

ಭಾನುವಾರ ಬೆಳಿಗ್ಗೆ ಮಗಳು ಡ್ಯೂಟಿಗೆ ಹೊರಟಾಗ ಮಾವ, "ಕುರ್ಚಿ ಕೈ ಮೇಲಿದ್ದ ನನ್ನ ಚೌಕಳಿ ಕರ್ಚೀಫು ಕಾಣ್ತಿಲ್ಲ. ನೋಡಿದ್ನಾ ಅಂತ ನಿನ್ನ ಗಂಡನ್ನ ಕೇಳು" ಅಂದರು.

"ನಾನು ಮುಟ್ಟೇ ಇಲ್ಲ ಅಂತ ಹೇಳು" ಅಂದ ಅಳಿಯ. ಸುಳ್ಳು ಹೇಳಲಿಲ್ಲ ಪಾಪ, ನಿಜವಾಗಿಯೂ ಮರೆತಿದ್ದ.

ಊಟವಾದ ಮೇಲೆ ಕಿಕ್ಕರ್ ಒದೆಯಲು ಶುರು. ನೂರು ಒದ್ದ. ಪ್ಲಗ್ಗು ಉಜ್ಜಿ ಒದ್ದ. ಪೆಟ್ರೋಲು ಬದಲಿಸಿ ಒದ್ದ. ಬೈಕು ಕಮಕ್ ಕಿಮಕ್ ಅನ್ನಲಿಲ್ಲ. ಜಗಲಿಯ ಕುರ್ಚಿಯಲ್ಲಿ ಮಾವ ಬಾಯಿ ತೆರೆದರು, ಬಾಗಿಲ ಕಡೆ ನೋಡಿದರು, ಮಗಳಿಲ್ಲವೆಂದು ನೆನಪಾಗಿ ಮುಚ್ಚಿದರು. ತಡೆಯಲಾರದೆ ಕಾಂಪೌಂಡಿನ ಮೇಲಿದ್ದ ಬೆಕ್ಕಿನತ್ತ ತಿರುಗಿ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ತಪ್ಪು ಪ್ಲಗ್ಗಿನದಲ್ಲ ಅಂತ ಹೇಳು" ಅಂದರು. ಬೆಕ್ಕು ಆ ಕೆಲಸ ಒಪ್ಪಿಕೊಳ್ಳಲಿಲ್ಲ.

ಮುಕ್ಕಾಲು ಗಂಟೆ ಮುಂಚೆಯೇ ಗುಜರಿಯವನು ತಕ್ಕಡಿ ಸಮೇತ ಬಂದು, ಹ್ಯಾಂಡಲ್ ಸವರಿ, "ಈ ವಯಸ್ಸಲ್ಲಿ ಇದೆಲ್ಲಿ ಏಳುತ್ತೆ ಬಿಡಿ ಸಾರ್" ಅಂದ. ಅಳಿಯನಿಗೆ ಅಳುವೇ ಬಂತು. ಬೈಕು ಹೋದರೆ ಹೋಗಲಿ, ಅದರ ಜೊತೆ ಮಾವನ ಮಾತೂ ತಕ್ಕಡಿಗೆ ಹೋಗುತ್ತಿತ್ತು. ಮತ್ತೆ ಒದ್ದ.

ಸೈಲೆನ್ಸರಿನ ತುದಿಯ ಹಿಂದೆ ನೆಲದ ಮೇಲೆ ಪಾರಿವಾಳದ ಒಂದು ಪುಕ್ಕ ಬಿದ್ದಿತ್ತು. ಸೈಲೆನ್ಸರಿನಿಂದ ಗಾಳಿ ಬಂದಿದ್ದರೆ ಹಾರಬೇಕಿತ್ತು, ಒದ್ದಾಗ ಅದು ಅಲುಗಲಿಲ್ಲ. ಇನ್ನೊಂದು ಒದೆಗೂ ಅಲುಗಲಿಲ್ಲ. ಮಾವನ ಕಣ್ಣು ಆ ಪುಕ್ಕದ ಮೇಲೇ ಇತ್ತು. ಅವರು ಪುಕ್ಕ ನೋಡಿದರು, ಕುರ್ಚಿಯ ಬರಿಯ ಕೈ ನೋಡಿದರು, ಮೀಸೆಯಡಿ ಸಣ್ಣಗೆ ನಕ್ಕರು. ಆಗ ಅಳಿಯನಿಗೂ ನೆನಪಾಯಿತು: ಚೌಕಳಿ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಏಳು ವರ್ಷದ ಹಿಂದಿನ ಗಡಿಯಾರಕ್ಕೆ ಉತ್ತರ ಕೊಡಲು ಮಾವನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೆಲ್ಲಿ, ಎದುರಿಗೆ ನಗಲು ಒಬ್ಬ ರೆಡಿಯಾಗಿ ನಿಂತಿರುವಾಗ!

ಮಾವ ಎದ್ದು ಬಂದರು. ಗುಜರಿಯವನಿಗೆ, "ನಮ್ಮ ಗಡಿಯಾರದಲ್ಲಿ ನಾಲ್ಕಾಗೋಕೆ ಇನ್ನೂ ಹೊತ್ತಿದೆ. ಮೂಲೆ ಅಂಗಡೀಲಿ ಟೀ ಕುಡಿದು ಬನ್ನಿ" ಅಂದರು. ಅವನು ಗೇಟು ದಾಟಿ, ಚಪ್ಪಲಿ ಸದ್ದು ಕೇಳದಾಗುವ ತನಕ ಕಾದರು. ಆಮೇಲೆ ಬಗ್ಗಿ, ಅಳಿಯನ ಕಿವಿಯ ಹತ್ತಿರ ಪಿಸುಗುಟ್ಟಿದರು.

"ಬಟ್ಟೆ ತೆಗೆದ್ಯಾ?"

ಏಳು ವರ್ಷದ ಮೇಲೆ ಮೊದಲ ಮಾತು. ಅಳಿಯನ ಕಣ್ಣು ತುಂಬಿತು, ಮಸಿಯ ಕೈಯಲ್ಲಿ ಒರೆಸಿಕೊಂಡು ಮುಖವೆಲ್ಲ ಕಪ್ಪಾಯಿತು.

"ಬೇಗ ಬಿಚ್ಚು, ಅವನು ಬಂದುಬಿಡ್ತಾನೆ. ನಾನೂ ಒಂದ್ಸಲ ಹಿಂಗೇ ಮಾಡಿ ಎರಡು ದಿನ ಒದ್ದಿದ್ದೆ" ಅಂದರು ಮಾವ, ಸ್ಪ್ಯಾನರ್ ಕೈಗಿಡುತ್ತ.

ಗುಜರಿಯವನು ಬಾಯಿ ಒರೆಸಿಕೊಂಡು ಬರುವ ಹೊತ್ತಿಗೆ ಮೂರನೇ ಒದೆಗೆ ಬೈಕು ಎದ್ದು, ಪುಕ್ಕ ಗೇಟಿನಾಚೆ ಹಾರಿ, ಅಂಗಳವೆಲ್ಲ ನೀಲಿ ಹೊಗೆಯಾಗಿತ್ತು. "ಏನಾಗಿತ್ತು ಸಾರ್?" ಎಂದ, ಮುಖ ಸಪ್ಪಗೆ ಮಾಡಿ.

"ಏನಿಲ್ಲ, ನಮ್ಮಳಿಯ ಕೊನೇ ನಟ್ಟು ಬಿಗೀತಿದ್ದ."

ಸಂಜೆ ಮಗಳು ಬಂದವಳು ಬೈಕಿನ ಸದ್ದು ಕೇಳಿ, ಬ್ಯಾಗು ಕೆಳಗಿಟ್ಟು, "ಕರ್ಚೀಫು ಸಿಕ್ತಾ ಅಪ್ಪ?" ಎಂದಳು.

"ಇಲ್ಲಮ್ಮ. ಹೊಸದು ತರೋಕೆ ನಿನ್ನ ಗಂ..." ಮಾವ ನಿಲ್ಲಿಸಿದರು. ಅಳಿಯನ ಕಡೆ ತಿರುಗಿದರು.

"ನಾಳೆ ಅಂಗಡಿಯಿಂದ ಬರ್ತಾ ಒಂದು ಕರ್ಚೀಫು ತಂದ್ಬಿಡಪ್ಪ. ಚೌಕಳಿದೇ ಇರಲಿ."